ಬೆಕ್ಕಿಗೊಂದು ಬಾಗಿಲು: ನಮ್ಮ ಮನೆಯಲ್ಲಿ ನಾಲ್ಕು ಬಗೆ ಹಾಕಿ ನೋಡಿದ್ದು

ನಮ್ಮ ಮನೆಯಲ್ಲಿ ಬೆಕ್ಕುಗಳ ಓಡಾಟದ ತೊಂದರೆ ಶುರುವಾಗಿದ್ದು ಸೊಳ್ಳೆ ಮೆಶ್‌ನಿಂದ.

ಅಮ್ಮ ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಹತ್ತಿರದ ಹೆಂಚಿನ ಮನೆಯಲ್ಲಿ. ಅಲ್ಲಿ ಬೆಕ್ಕಿಗೆ ಬೇರೆ ಬಾಗಿಲು ಬೇಕಾಗಿಯೇ ಇರಲಿಲ್ಲ. ಕಿಟಕಿಗೆ ಮರದ ಸರಳು, ಅಟ್ಟದಲ್ಲಿ ಗೋಡೆಗೂ ಹೆಂಚಿಗೂ ನಡುವೆ ಸಂದು. ಬೆಕ್ಕು ತನಗೆ ಬೇಕಾದಾಗ ಬಂದು ಒಲೆ ಹತ್ತಿರ ಮಲಗುತ್ತಿತ್ತು, ರಾತ್ರಿ ಇಲಿ ಹುಡುಕಿಕೊಂಡು ಅಟ್ಟ ಹತ್ತುತ್ತಿತ್ತು. ಮೈಸೂರಿನ ನಮ್ಮ ಮನೆಯಲ್ಲೂ ಮೊದಲು ಅಡುಗೆಮನೆ ಕಿಟಕಿಯ ಗ್ರಿಲ್ ಸಂದೇ ಬೆಕ್ಕಿನ ದಾರಿ. ಒಂದು ಮಳೆಗಾಲ ನಮ್ಮ ಬೀದಿಯಲ್ಲಿ ಮೂರು ಮನೆಯವರಿಗೆ ಡೆಂಗಿ ಬಂತು. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲು ಹೊತ್ತಲ್ಲಿ. ಸಂಜೆ ಕಿಟಕಿ ಮುಚ್ಚಿದರೆ ಆಯಿತು ಅನ್ನುವ ಹಾಗಿಲ್ಲ. ಎಲ್ಲ ಕಿಟಕಿಗೂ ಮೆಶ್ ಹಾಕಿಸಿದೆವು.

ಅವತ್ತಿನಿಂದ ಬೆಕ್ಕುಗಳಿಗೆ ಅಮ್ಮನೇ ಬಾಗಿಲು ತೆಗೆಯಬೇಕಾಯಿತು. ನಮ್ಮಲ್ಲಿ ಇರುವುದು ಎರಡು. ಕರಿಯ ಐದು ಕೆಜಿಗೂ ಜಾಸ್ತಿ ತೂಗುವ ಗಂಡು, ಪುಟ್ಟಿ ಮೂರು ಕೆಜಿಯ ಅಂಜುಬುರುಕಿ. ಇಬ್ಬರಿಗೂ ಮರಿಯಾಗದ ಹಾಗೆ ಆಪರೇಷನ್ ಆಗಿದೆ. ಬೆಳಗಿನ ಜಾವ ನಾಲ್ಕೂವರೆಗೆ ಕರಿಯ ಹಿತ್ತಲ ಬಾಗಿಲಲ್ಲಿ ಕೂಗಲು ಶುರು ಮಾಡುತ್ತಿದ್ದ. ಒಳಗೆ ಬಿಟ್ಟು ಹತ್ತು ನಿಮಿಷ ಆಗುವಷ್ಟರಲ್ಲಿ ಪುಟ್ಟಿಗೆ ಹೊರಗೆ ಹೋಗಬೇಕು. ಅಮ್ಮನಿಗೆ ಮಂಡಿ ನೋವು. ದಿನಕ್ಕೆ ಹತ್ತು ಹನ್ನೆರಡು ಸಲ ಎದ್ದು ಕೂತು ಮಾಡುವುದನ್ನು ನೋಡಿ ನನಗೆ ತಡೆಯಲು ಆಗಲಿಲ್ಲ. ಬೆಕ್ಕಿನ ಬಾಗಿಲು ಹಾಕಲೇಬೇಕು ಅಂತ ತೀರ್ಮಾನ ಮಾಡಿದ್ದು ಆ ಮಂಡಿಗೋಸ್ಕರ. "ಬೆಕ್ಕಿಗೂ ಒಂದು ಬಾಗಿಲಾ? ದುಡ್ಡು ಸುಮ್ನೆ ಯಾಕೋ ಹಾಳು ಮಾಡ್ತೀಯ" ಅಂದಳು ಅಮ್ಮ.

ಎರಡು ವರ್ಷದಲ್ಲಿ ನಾಲ್ಕು ಬಗೆ ಹಾಕಿ ನೋಡಿದ್ದೇವೆ. ಒಂದು, ಕಿಟಕಿಯ ಮೆಶ್‌ಗೇ ಸಿಕ್ಕಿಸುವ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು. ಎರಡು, ಹಿತ್ತಲ ಬಾಗಿಲು ಕೊರೆದು ಆಚಾರ್ರು ಮಾಡಿಕೊಟ್ಟ ಮರದ ಪಟ, ಅಂದರೆ ತಳ್ಳಿದರೆ ತೆರೆದು ಮತ್ತೆ ಮುಚ್ಚಿಕೊಳ್ಳುವ ಪುಟ್ಟ ಹಲಗೆ. ಮೂರು, ಅದೇ ಕಂಡಿಗೆ ಅಂಗಡಿಯಿಂದ ತಂದು ಕೂರಿಸಿದ ಬೀಗವಿರುವ ಪಟ. ನಾಲ್ಕು, ಬೆಕ್ಕಿನ ಮೈಯೊಳಗಿನ ಚಿಪ್ ಓದಿ ತೆರೆದುಕೊಳ್ಳುವ ಬಾಗಿಲು.

ಮೆಶ್ ಚೌಕಟ್ಟು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುಲಭ. ನಮಗೆ 600 ರೂಪಾಯಿ ಆಯಿತು. ಎರಡು ಚೌಕಟ್ಟು ಇರುತ್ತವೆ. ಮೆಶ್‌ನ ಎರಡೂ ಕಡೆ ಇಟ್ಟು ಒತ್ತಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಒಳಗಿನ ಮೆಶ್ ಅನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆದರೆ ಮುಗಿಯಿತು. ನಾನೊಬ್ಬನೇ ಅರ್ಧ ಗಂಟೆಯಲ್ಲಿ ಹಾಕಿದೆ. ಪಟ ಹಗುರ, ಅದೂ ಬಲೆಯದೇ. ಆಚೆ ಏನಿದೆ ಅಂತ ಕಾಣುತ್ತದೆ. ಪುಟ್ಟಿ ಅದೇ ದಿನ ಸಂಜೆ ತಾನಾಗಿ ದಾಟಿದಳು. ಉಳಿದ ಮೂರರಲ್ಲಿ ಯಾವುದೂ ಇಷ್ಟು ಬೇಗ ಅವಳಿಗೆ ಒಗ್ಗಲಿಲ್ಲ.

ಆದರೆ ನಮ್ಮದು ತೆಳ್ಳಗಿನ ಫೈಬರ್ ಮೆಶ್. ಕರಿಯನ ಭಾರಕ್ಕೆ ಎರಡೇ ತಿಂಗಳಲ್ಲಿ ಚೌಕಟ್ಟಿನ ಮೂಲೆಯಲ್ಲಿ ಹರಿಯಿತು. ಸಾಕುಪ್ರಾಣಿ ಇರುವ ಮನೆಗೆ ಅಂತಲೇ ದಪ್ಪ ಪಾಲಿಸ್ಟರ್ ಮೆಶ್ ಬರುತ್ತದೆ. ಅದನ್ನು ಮೊದಲು ಹಾಕಿಸಿ ಆಮೇಲೆ ಚೌಕಟ್ಟು ಸಿಕ್ಕಿಸಬೇಕಿತ್ತು. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಬೀದಿಯ ಬಿಳಿ ಗಂಡುಬೆಕ್ಕೊಂದು ಈ ದಾರಿ ಕಂಡುಹಿಡಿಯಿತು. ಅಡುಗೆಮನೆಗೆ ಬಂದು ಕರಿಯನ ಅನ್ನ ತಿಂದು, ಅಕ್ಕಿ ಡಬ್ಬದ ಪಕ್ಕದ ಗೋಡೆಗೆ ಉಚ್ಚೆ ಸಿಡಿಸಿ ಹೋಯಿತು. ಆ ವಾಸನೆ ಒಂದು ವಾರ ಹೋಗಲಿಲ್ಲ. ತನ್ನ ಜಾಗ ಅಂತ ಗುರುತು ಮಾಡಲು ಗಂಡುಬೆಕ್ಕುಗಳು ಹಾಗೆ ಮಾಡುತ್ತವೆ. ಮಾರನೆಯ ದಿನದಿಂದ ಕರಿಯನೂ ಅಲ್ಲೇ ಮೂಸಿ ಮೂಸಿ ಓಡಾಡುತ್ತಿದ್ದ. ಊಟ ಸರಿಯಾಗಿ ಮಾಡಲಿಲ್ಲ. ತನ್ನ ಮನೆಯೊಳಗೇ ಬೆಕ್ಕು ಹೆದರಿ ಬದುಕುವುದನ್ನು ನೋಡುವುದು ಕಷ್ಟ.

ಆಮೇಲೆ ಆಚಾರ್ರನ್ನು ಕರೆಸಿದೆ. ಹಿತ್ತಲ ಬಾಗಿಲು ನೋಡಿ, ಬೆರಳಲ್ಲಿ ತಟ್ಟಿ, "ಸರ್, ಇದು ತೇಗದ ಬಾಗ್ಲಾಗಿದ್ರೆ ನಾನು ಕೈ ಹಾಕ್ತಿರ್ಲಿಲ್ಲ. ಫ್ಲಶ್ ಡೋರ್ ಅಲ್ವಾ, ಮಾಡಣ" ಅಂದರು. ಅಳತೆ ತೆಗೆದ ರೀತಿ ನನಗೆ ಬಹಳ ಇಷ್ಟವಾಯಿತು. ಕರಿಯನನ್ನು ನಿಲ್ಲಿಸಿ, ನೆಲದಿಂದ ಹೊಟ್ಟೆಯವರೆಗೆ ಎಷ್ಟು, ಭುಜದ ಅಗಲ ಎಷ್ಟು ಅಂತ ದಾರದಲ್ಲಿ ಹಿಡಿದರು. ಕಂಡಿಯ ಕೆಳಗಿನ ಅಂಚು ಹೊಟ್ಟೆಯ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಬೇಕು. ಆಗ ಬೆಕ್ಕು ಕಾಲೆತ್ತಿ ಸಲೀಸಾಗಿ ದಾಟುತ್ತದೆ. ನಮ್ಮದಕ್ಕೆ ನೆಲದಿಂದ ಐದು ಇಂಚು ಬಂತು. ಕಂಡಿ ಏಳು ಇಂಚು ಅಗಲ, ಎಂಟು ಇಂಚು ಎತ್ತರ. ನಾಲ್ಕು ಮೂಲೆಗೆ ಡ್ರಿಲ್ ಹಾಕಿ, ಜಿಗ್‌ಸಾ ಮೆಷಿನ್ನಲ್ಲಿ ಕೊರೆದರು. ಫ್ಲಶ್ ಡೋರ್ ಅಂದರೆ ಎರಡು ತೆಳು ಹಾಳೆಯ ನಡುವೆ ಮರದ ಚೂರು ತುಂಬಿದ ಬಾಗಿಲು, ಕೊರೆದರೆ ಆ ಚೂರು ಬಯಲಾಗುತ್ತದೆ. ಅಲ್ಲಿ ನೀರು ತಾಗಿದರೆ ಬಾಗಿಲು ಊದಿಕೊಳ್ಳುತ್ತದೆ. ಅದಕ್ಕೆ ಸುತ್ತಲೂ ತೆಳು ಮರದ ಪಟ್ಟಿ ಅಂಟಿಸಿ, ಪ್ರೈಮರ್ ಬಳಿದು, ಬಣ್ಣ ಹಚ್ಚಿದರು. ಕೊರೆದ ತುಂಡನ್ನು ನನ್ನ ಕೈಗೆ ಕೊಟ್ಟು, "ಇದನ್ನ ಎಸೀಬೇಡಿ, ಮುಂದೆ ಬೇಡ ಅನ್ಸಿದ್ರೆ ವಾಪಸ್ ಕೂರಿಸ್ಬೋದು" ಅಂದರು. ಬಾಡಿಗೆ ಮನೆಯವರು ಈ ಮಾತು ನೆನಪಿಟ್ಟುಕೊಳ್ಳಿ. ಆದರೆ ಓನರ್ ಒಪ್ಪದೆ ಬಾಗಿಲಿಗೆ ಗರಗಸ ಹಾಕಬೇಡಿ.

ಎಲ್ಲ ಸೇರಿ 1,500 ರೂಪಾಯಿ ಆಯಿತು. ಮರದ ಪಟಕ್ಕೆ ಮೇಲೆ ಎರಡು ಪುಟ್ಟ ಕೀಲು, ಕೆಳಗೆ ಬೀರು ಬಾಗಿಲಿಗೆ ಹಾಕುವ ಚಿಕ್ಕ ಮ್ಯಾಗ್ನೆಟ್. ಬೇಸಿಗೆಯಲ್ಲಿ ಚೆನ್ನಾಗಿತ್ತು. ಕರಿಯ ಹಣೆಯಿಂದ ಒಂದು ತಳ್ಳು ತಳ್ಳಿ ಹೋಗುತ್ತಿದ್ದ. ಪುಟ್ಟಿಗೆ ಮಾತ್ರ ಆ ಪಟ ಭಾರ. ಆಚೆ ಏನಿದೆ ಅಂತ ಕಾಣುವುದೂ ಇಲ್ಲ. ಕಾಣದ ಕಡೆಗೆ ತಲೆ ಹಾಕಲು ಅವಳು ಒಪ್ಪಲೇ ಇಲ್ಲ. ಜೂನ್ ಬಂದಾಗ ಮರ ನೀರು ಕುಡಿದು ಚೌಕಟ್ಟಿಗೆ ಉಜ್ಜಲು ಶುರುವಾಯಿತು. ಒಮ್ಮೆ ಅರ್ಧ ತೆರೆದು ನಿಂತೇಬಿಟ್ಟಿತು. ಆಚಾರ್ರು ಬಂದು ಅಂಚು ಕೀಸಿ ಕೊಟ್ಟರು. ಮಳೆ ನಿಂತ ಮೇಲೆ ಮರ ಒಣಗಿ, ಸುತ್ತ ಕಾಲಿಂಚು ಸಂದು ಬಿತ್ತು. ಸೊಳ್ಳೆಗೆ ಅಷ್ಟು ಸಾಕು. ಬಿಳಿ ಬೆಕ್ಕಂತೂ ಇಲ್ಲೂ ಬಂತು. ಒಂದು ತಳ್ಳು ತಳ್ಳಿದರೆ ಯಾರಿಗಾದರೂ ತೆರೆಯುವ ಬಾಗಿಲು ತಾನೇ.

ಬಾಗಿಲು ಕೊರೆಯುವವರಿಗೆಲ್ಲ ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕಂಡಿಯೊಳಗೆ ಮನುಷ್ಯನ ಕೈ ಹೋಗುತ್ತದೆ. ನಮ್ಮ ಹಿತ್ತಲ ಬಾಗಿಲಿಗೆ ಕೆಳಗೂ ಒಂದು ಚಿಲಕ ಇತ್ತು. ಕಂಡಿಯಿಂದ ಅದಕ್ಕೆ ಒಂದಡಿ ಮಾತ್ರ. ನಾನು ಹೊರಗಿನಿಂದ ಕೈ ಹಾಕಿ ನೋಡಿದೆ, ಆರಾಮಾಗಿ ಚಿಲಕ ಎಳೆಯಲು ಬಂತು. ಅವತ್ತೇ ಅದನ್ನು ತೆಗೆಸಿ, ಎದೆಮಟ್ಟದಲ್ಲಿ ಬೀಗದ ಚಿಲಕ ಹಾಕಿಸಿದೆ. ನೀವೂ ಹಾಗೇ ಕೈ ಹಾಕಿ ನೋಡಿ. ಯಾವ ಚಿಲಕ ಸಿಕ್ಕುತ್ತದೋ ಅದು ಅಲ್ಲಿರಬಾರದು. ಮೆಶ್ ಕಿಟಕಿಯಲ್ಲಿ ಈ ಭಯ ಕಡಿಮೆ, ಏಕೆಂದರೆ ಹೊರಗೆ ಗ್ರಿಲ್ ಇರುತ್ತದೆ.

ಮೂರನೆಯದು ಪಾರದರ್ಶಕ ಪ್ಲಾಸ್ಟಿಕ್ ಪಟ. ಸುತ್ತ ಬ್ರಷ್ಷಿನ ಹಾಗೆ ಕೂದಲಿನ ಪಟ್ಟಿ ಇದೆ, ಗಾಳಿ ಸೊಳ್ಳೆ ಬರದ ಹಾಗೆ. ಬೆಲೆ 2,300 ರೂಪಾಯಿ. ಆಚಾರ್ರ ಕಂಡಿ ಸ್ವಲ್ಪ ದೊಡ್ಡದಾಗಿತ್ತು. ಅದಕ್ಕೆ ಪ್ಲೈವುಡ್ ಚೌಕಟ್ಟು ಮಾಡಿ ಕೂರಿಸಬೇಕಾಯಿತು. ಇದರ ಬೀಗಕ್ಕೆ ನಾಲ್ಕು ನೆಲೆ. ಎರಡೂ ಕಡೆ ತೆರೆಯುವುದು, ಪೂರ್ತಿ ಮುಚ್ಚುವುದು, ಒಳಗೆ ಮಾತ್ರ ಬರಲು ಬಿಡುವುದು, ಹೊರಗೆ ಮಾತ್ರ ಹೋಗಲು ಬಿಡುವುದು.

ಆ "ಒಳಗೆ ಮಾತ್ರ" ಅನ್ನುವ ನೆಲೆ ಇದೆಯಲ್ಲ, ಅದಕ್ಕೆ ಎಷ್ಟು ದುಡ್ಡು ಕೊಟ್ಟರೂ ಕಡಿಮೆ ಅಂತ ನನಗೆ ಅನ್ನಿಸಿದೆ. ಸಂಜೆ ಆರಕ್ಕೆ ಗುಂಡಿಯನ್ನು ಅಲ್ಲಿಗೆ ತಿರುಗಿಸಿಬಿಡುತ್ತೇವೆ. ಹೊರಗಿದ್ದ ಬೆಕ್ಕು ಬರಬಹುದು, ಬಂದದ್ದು ಮತ್ತೆ ಹೋಗಲಾಗುವುದಿಲ್ಲ. ಎಂಟು ಗಂಟೆಗೆ ನೋಡಿದರೆ ಇಬ್ಬರೂ ಒಳಗೆ. ಆಗ ಪೂರ್ತಿ ಮುಚ್ಚುತ್ತೇವೆ. ಬೆಕ್ಕುಗಳಿಗೆ ಮುಸ್ಸಂಜೆಗೂ ಬೆಳಗಿನ ಜಾವಕ್ಕೂ ಹುರುಪು ಜಾಸ್ತಿ. ನಮ್ಮ ಬೀದಿಯಲ್ಲಿ ನಾಯಿಗಳು ಗುಂಪು ಕಟ್ಟುವುದೂ ಆಗಲೇ. ಹಿಂದಿನ ವರ್ಷ ಪಕ್ಕದ ಮನೆಯ ಬೆಕ್ಕು ಸತ್ತದ್ದು ಇಂಥ ಒಂದು ರಾತ್ರಿ. ಹಾಗಾಗಿ ರಾತ್ರಿ ಬೆಕ್ಕನ್ನು ಹೊರಗೆ ಬಿಡುವುದಿಲ್ಲ ಅನ್ನುವುದು ನಮ್ಮ ಮನೆಯ ನಿಯಮ. ಮೆಶ್ ಚೌಕಟ್ಟಿಗೆ ಇದ್ದದ್ದು ಒಂದು ಸಣ್ಣ ಕೊಕ್ಕೆ, ಕರಿಯ ಉಗುರಲ್ಲಿ ಎತ್ತಿಬಿಡುತ್ತಿದ್ದ. ಆಚಾರ್ರ ಪಟಕ್ಕೆ ಬೀಗವೇ ಇರಲಿಲ್ಲ, ರಾತ್ರಿ ಮಣೆ ಅಡ್ಡ ಇಡುತ್ತಿದ್ದೆವು.

ಪಟದ ಮ್ಯಾಗ್ನೆಟ್ "ಟಕ್" ಅನ್ನುವ ಸದ್ದಿಗೆ ಪುಟ್ಟಿ ಹೆದರಿದಳು. ಇದಕ್ಕೆ ಒಂದೇ ಮದ್ದು, ನಿಧಾನ. ಮೊದಲ ನಾಲ್ಕು ದಿನ ಪಟವನ್ನು ಟೇಪ್ ಹಾಕಿ ಪೂರ್ತಿ ಎತ್ತಿ ಇಟ್ಟೆವು, ಬರೀ ಕಂಡಿ ಇದ್ದ ಹಾಗೆ. ಆಮೇಲೆ ಮುಕ್ಕಾಲು, ಆಮೇಲೆ ಅರ್ಧ. ಆಚೆ ಕಡೆ ಅಮ್ಮ ತಟ್ಟೆಯಲ್ಲಿ ಒಂದು ತುತ್ತು ಮೊಸರನ್ನ ಇಟ್ಟುಕೊಂಡು ಕೂತು ಕರೆಯುತ್ತಿದ್ದಳು. ಹನ್ನೆರಡನೆಯ ದಿನ ಪುಟ್ಟಿ ತಾನೇ ತಳ್ಳಿಕೊಂಡು ಬಂದಳು. ಬೆಕ್ಕನ್ನು ಹಿಡಿದು ಪಟದೊಳಗೆ ದೂಡಬೇಡಿ. ಒಂದು ಸಲ ಹೆದರಿದರೆ ಆಮೇಲೆ ಆ ಕಡೆ ತಲೆ ಹಾಕುವುದಿಲ್ಲ.

ಇಷ್ಟೆಲ್ಲ ಚೆನ್ನಾಗಿದ್ದರೂ ಹಗಲು ಹೊತ್ತು ಬಿಳಿ ಬೆಕ್ಕು ಬರುವುದು ನಿಲ್ಲಲಿಲ್ಲ.

ನಾಲ್ಕನೆಯದನ್ನು ನಾನು ಮೊದಲು ಬಳಸಿ ನೋಡಿದ್ದು ಇಂಗ್ಲೆಂಡಿನಲ್ಲಿ, ತಂಗಿಯ ಮನೆಯಲ್ಲಿ. ಅಲ್ಲಿ ಬೆಕ್ಕಿನ ಬಾಗಿಲು ಮನೆಮನೆಯ ಮಾತು. ಎಕ್ಸೆಟರ್‌ನ ಹಳೆಯ ಚರ್ಚಿಗೆ ಹೋದಾಗ, ಗಡಿಯಾರದ ಕೆಳಗಿನ ಮರದ ಬಾಗಿಲಲ್ಲಿ ಬೆಕ್ಕಿಗೆಂದೇ ಶತಮಾನಗಳ ಹಿಂದೆ ಕೊರೆದ ದುಂಡು ಕಂಡಿಯನ್ನು ನೋಡಿ ಬಂದೆ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಸಾಕುಬೆಕ್ಕಿಗೆ ಚಿಪ್ ಹಾಕಿಸುವುದು ಕಡ್ಡಾಯ. ಹಾಗಾಗಿ ಚಿಪ್ ಓದುವ ಬಾಗಿಲು ಅಲ್ಲಿಯವರಿಗೆ ಸಲೀಸು. ಬರುವಾಗ ಒಂದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದೆ. ನಮ್ಮ ದುಡ್ಡಲ್ಲಿ ಎಂಟು ಸಾವಿರ ದಾಟಿತು.

ಚಿಪ್ ಅಂದರೆ ಅಕ್ಕಿಕಾಳಿನಷ್ಟು ದೊಡ್ಡದು. ಪಶುವೈದ್ಯರು ಸೂಜಿಯಲ್ಲಿ ಹೆಗಲ ನಡುವಿನ ಚರ್ಮದ ಕೆಳಗೆ ಇಡುತ್ತಾರೆ. ಅದರಲ್ಲಿರುವುದು 15 ಅಂಕಿಯ ಒಂದು ನಂಬರ್, ಅಷ್ಟೇ. ಬ್ಯಾಟರಿ ಇಲ್ಲ. ಬೆಕ್ಕು ಎಲ್ಲಿದೆ ಅಂತ ಅದು ಹೇಳುವುದಿಲ್ಲ. ತುಂಬಾ ಜನ ಹಾಗೆ ತಿಳಿದುಕೊಂಡಿದ್ದಾರೆ. ಬೆಕ್ಕು ಬಾಗಿಲಿಗೆ ತಲೆ ಹಾಕಿದಾಗ ಬಾಗಿಲು ನಂಬರ್ ಓದುತ್ತದೆ, ತನಗೆ ಗೊತ್ತಿರುವ ನಂಬರ್ ಆದರೆ ಬೀಗ ಬಿಡುತ್ತದೆ. ಬಾಗಿಲಿಗೆ ನಾಲ್ಕು ಪೆನ್ಸಿಲ್ ಸೆಲ್ ಸಾಕು, ಕರೆಂಟು ಹೋದರೂ ತೊಂದರೆ ಇಲ್ಲ. ಕೊಳ್ಳುವ ಮೊದಲು ನಿಮ್ಮ ಬೆಕ್ಕಿನ ಚಿಪ್ 15 ಅಂಕಿಯದಾ ಅಂತ ಕೇಳಿಕೊಳ್ಳಿ. ಕೊರಳಪಟ್ಟಿಗೆ ಮ್ಯಾಗ್ನೆಟ್ ಕಟ್ಟಿ ತೆರೆಯುವ ಬಾಗಿಲುಗಳೂ ಸಿಗುತ್ತವೆ. ನನಗೆ ಅವು ಬೇಡ ಅನ್ನಿಸಿತು. ಗಿಡ ಮರ ಹತ್ತುವ ಬೆಕ್ಕಿಗೆ ಕೊರಳಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೆ ಕಷ್ಟ.

ನಾನು ಮೊದಲು ಇದನ್ನು ಅಡುಗೆಮನೆ ಕಿಟಕಿಯಲ್ಲಿ, ಗ್ರಿಲ್‌ಗೆ ತಾಗಿಸಿ ಕೂರಿಸಿದೆ. ಹತ್ತು ಸಲದಲ್ಲಿ ಐದಾರು ಸಲ ಓದಲೇ ಇಲ್ಲ. ಸುತ್ತ ಕಬ್ಬಿಣ ಇದ್ದರೆ ಚಿಪ್ ಓದುವುದು ಕಷ್ಟ ಅನ್ನುವುದು ನನಗೆ ಆಮೇಲೆ ತಿಳಿಯಿತು. ಕಬ್ಬಿಣದ ಬಾಗಿಲಿಗೂ ಇದೇ ಮಾತು. ಅಲ್ಲಿಂದ ಬಿಚ್ಚಿ ಹಿತ್ತಲ ಮರದ ಬಾಗಿಲಿಗೆ, ಅದೇ ಪ್ಲೈವುಡ್ ಚೌಕಟ್ಟಿಗೆ ತಂದ ಮೇಲೆ ಒಂದು ಸಲವೂ ತಪ್ಪಿಲ್ಲ. ಬಿಳಿ ಬೆಕ್ಕು ಮೂರು ದಿನ ಬಂದು ಪಟ ಕೆರೆಯಿತು. ನಾಲ್ಕನೆಯ ದಿನದಿಂದ ಬರಲಿಲ್ಲ. ಕರಿಯ ಮತ್ತೆ ಅಡುಗೆಮನೆಯಲ್ಲೇ ಕಾಲು ಚಾಚಿ ಮಲಗುತ್ತಾನೆ. ನನಗೆ ಬೇಕಾಗಿದ್ದು ಅದೇ.

ಹಾಗಂತ ಎಲ್ಲರೂ ಚಿಪ್ ಬಾಗಿಲನ್ನೇ ತನ್ನಿ ಅಂತ ನಾನು ಹೇಳುವುದಿಲ್ಲ. ಬೀದಿ ಬೆಕ್ಕಿನ ಕಾಟ ಇಲ್ಲದಿದ್ದರೆ ಮೂರನೆಯದೇ ಸಾಕು. ರಾತ್ರಿಯ ಬೀಗ ಅದರಲ್ಲೂ ಇದೆ, ಸೊಳ್ಳೆ ತಡೆಯುವುದರಲ್ಲಿ ಎರಡೂ ಸಮ. ಮಹಡಿ ಮೇಲಿನ ಮನೆಯಲ್ಲಿ, ಬಲೆ ಹೊಡೆದ ಬಾಲ್ಕನಿಗೆ ಮಾತ್ರ ಹೋಗಿ ಬರುವ ಬೆಕ್ಕಾದರೆ, ದಪ್ಪ ಮೆಶ್ ಹಾಕಿಸಿ 600 ರೂಪಾಯಿಯ ಚೌಕಟ್ಟು ಸಿಕ್ಕಿಸಿ. ಅದಕ್ಕಿಂತ ಜಾಸ್ತಿ ಖರ್ಚು ಮಾಡುವ ಅಗತ್ಯ ಇಲ್ಲ. ಗಾಜಿನ ಬಾಗಿಲಿನ ಮನೆಯವರು ಮೊದಲು ಗಾಜು ಯಾವ ಬಗೆಯದು ಅಂತ ಕೇಳಿ. ಟಫನ್ಡ್ ಗಾಜನ್ನು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜನ್ನು, ಆಮೇಲೆ ಕೊರೆಯಲು ಆಗುವುದಿಲ್ಲ, ಪುಡಿಪುಡಿಯಾಗುತ್ತದೆ. ಕಂಡಿ ಇಟ್ಟೇ ಹೊಸ ಗಾಜು ಮಾಡಿಸಬೇಕು. ಆಚಾರ್ರ ಕೆಲಸದ ಮೇಲೆ ನನಗೆ ಗೌರವ ಇದೆ, ಆದರೆ ನಮ್ಮ ಮಳೆಗೆ ಮರದ ಪಟ ನಿಲ್ಲುವುದಿಲ್ಲ. ಕಂಡಿ ಅವರಿಂದ ಕೊರೆಸಿ, ಪಟ ಪ್ಲಾಸ್ಟಿಕ್ಕಿನದು ತನ್ನಿ.

ಒಂದು ವಿಷಯದಲ್ಲಿ ನಾಲ್ಕೂ ಒಂದೇ. ಬಾಯಲ್ಲಿ ಇಲಿ ಕಚ್ಚಿಕೊಂಡು ಬರುವ ಬೆಕ್ಕನ್ನು ಇವು ಯಾವುವೂ ತಡೆದಿಲ್ಲ. ಹೋದ ತಿಂಗಳು ಕರಿಯ ಜೀವ ಇರುವ ಓತಿಕ್ಯಾತವನ್ನು ತಂದು ಅಮ್ಮನ ಕಾಲ ಬಳಿ ಬಿಟ್ಟ. ಅಮ್ಮ ಅದನ್ನು ಮೊರದಲ್ಲಿ ಎತ್ತಿ ಹಿತ್ತಲ ದಾಸವಾಳದ ಗಿಡಕ್ಕೆ ಬಿಟ್ಟು ಬಂದಳು. ಬರುವಾಗ ಬಾಗಿಲ ಹೊರಗೆ ಒಂದು ಗೋಣಿತಾಟು ಮಡಚಿ ಹಾಕಿದಳು, ಮಳೆಯಲ್ಲಿ ಒದ್ದೆ ಕಾಲು ಒರೆಸಿಕೊಂಡ ಹಾಗಾಗುತ್ತದೆ ಅಂತ. ಈಗ ಇಬ್ಬರೂ ಅದರ ಮೇಲೆ ನಿಂತೇ ಒಳಗೆ ಬರುತ್ತಾರೆ. ಬೆಳಗ್ಗೆ ಐದೂವರೆಗೆ ನಾನೇ ಎದ್ದು ಬೀಗ ತಿರುಗಿಸುತ್ತೇನೆ. ಅಮ್ಮ ಏಳುವುದು ಆರೂವರೆಗೆ.