ನೀರು ತೆಗೆದ ಮೇಲೆ ಉಸಿರು ಹೇಗಿದೆ? ಅಪ್ಪನ ಮೇಲೆ ನಾಲ್ಕು ಅಳತೆ

ಅಪ್ಪನಿಗೆ ಕ್ಯಾನ್ಸರ್‌ನಿಂದ ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಮೊದಲ ಸಲ ಸೂಜಿ ಹಾಕಿ ಒಂದೂಕಾಲು ಲೀಟರ್ ತೆಗೆದರು. ಸಂಜೆ ಡಾಕ್ಟರು ಬಂದು "ಈಗ ಹೇಗಿದ್ದೀರಿ?" ಎಂದು ಕೇಳಿದರು. "ಪರವಾಗಿಲ್ಲ" ಅಂದರು ಅಪ್ಪ. ಹಿಂದಿನ ದಿನ ಏದುಸಿರು ಬಿಡುತ್ತಾ ಕೂತಿದ್ದಾಗಲೂ ಇದೇ "ಪರವಾಗಿಲ್ಲ". ಇದರಿಂದ ಯಾರಿಗೆ ಏನು ಗೊತ್ತಾಗುತ್ತೆ?

ಅದಕ್ಕೇ ನಾನು ಅಳೆಯೋಕೆ ಶುರು ಮಾಡಿದೆ. ಆರು ವಾರದಲ್ಲಿ ನಾಲ್ಕು ಬಗೆ ನೋಡಿದೆ.

ಮೊದಲು ಎಂಎಂಆರ್‌ಸಿ, ಯಾವ ಕೆಲಸಕ್ಕೆ ದಮ್ಮು ಬರುತ್ತೆ ಎಂದು ಕೇಳುವ ಪಟ್ಟಿ. 0ರಿಂದ 4ರವರೆಗೆ ದರ್ಜೆ. ಸಮತಟ್ಟಾದ ನೆಲದಲ್ಲಿ ನೂರು ಮೀಟರ್ ನಡೆದು ನಿಲ್ಲಬೇಕಾಗಿ ಬಂದರೆ 3, ಬಟ್ಟೆ ಹಾಕಿಕೊಳ್ಳುವಾಗಲೇ ದಮ್ಮು ಬಂದರೆ 4. ಕೇಳೋಕೆ ಸುಲಭ. ಆದರೆ ಮಂಚದ ಮೇಲಿರುವವರಿಗೆ ನೂರು ಮೀಟರ್ ಎಲ್ಲಿಂದ ತರೋದು? ನೀರು ತೆಗೆಯುವ ಮುಂಚೆ 4, ತೆಗೆದು ವಾರವಾದರೂ 4. ಅಪ್ಪನ ಮುಖ ನೋಡಿದರೇ ಹಗುರಾಗಿದ್ದು ಗೊತ್ತಾಗುತ್ತಿತ್ತು, ಅಂಕಿ ಮಾತ್ರ ಕದಲಲಿಲ್ಲ. ಓಡಾಡುವವರಿಗೆ ಸರಿ ಇರಬಹುದು. ನಮಗೆ ಆಗಲಿಲ್ಲ.

ಬೋರ್ಗ್ ಸ್ಕೇಲ್ ಇದಕ್ಕಿಂತ ಚುರುಕು. 0ರಿಂದ 10, ನಡುವೆ 0.5 ಕೂಡ ಇದೆ. ಅಂಕಿಯ ಪಕ್ಕದಲ್ಲಿ ಮಾತಿರುತ್ತೆ: 3 ಅಂದರೆ ಮಧ್ಯಮ, 5 ಅಂದರೆ ತೀವ್ರ, 7 ಅಂದರೆ ತುಂಬಾ ತೀವ್ರ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮೂಲತಃ ಶ್ರಮ ಅಳೆಯೋಕೆ ಮಾಡಿದ್ದು. ಹಾಗಾಗಿ ನಡೆದು ಬಂದ ತಕ್ಷಣ ಕೇಳಿದರೆ ಚೆನ್ನಾಗಿ ಕೆಲಸ ಮಾಡುತ್ತೆ. ಫೋನಿನಲ್ಲೂ ಕೇಳಬಹುದು. ಒಂದೇ ತೊಂದರೆ, ಅಪ್ಪನಿಗೆ ಅಂಕಿಗಿಂತ ಮಾತಿನ ಮೇಲೇ ಕಣ್ಣು. "ತೀವ್ರ ಅಂದರೆ ಎಷ್ಟಮ್ಮಾ ತೀವ್ರ?" ಎಂದು ನನ್ನ ಜೊತೆ ವಾದಕ್ಕೆ ಕೂರುತ್ತಿದ್ದರು. ಅಷ್ಟು ಮಾತಾಡುವ ದಮ್ಮಿದೆ ಅಂದರೆ 3 ಬರೆದುಕೊಳ್ಳಬಹುದಿತ್ತೇನೋ!

ನನಗೆ ಇಷ್ಟವಾಗಿದ್ದು ಗೆರೆ. ವಿಎಎಸ್ ಅಂತಾರೆ. 100 ಮಿಲಿಮೀಟರ್ ಉದ್ದದ ಅಡ್ಡಗೆರೆ. ಎಡತುದಿಯಲ್ಲಿ 'ಉಸಿರಿಗೆ ಕಷ್ಟವೇ ಇಲ್ಲ', ಬಲತುದಿಯಲ್ಲಿ 'ಇದಕ್ಕಿಂತ ಕಷ್ಟ ಸಾಧ್ಯವಿಲ್ಲ'. ನಡುವೆ ಅಂಕಿಯೂ ಇಲ್ಲ, ಮಾತೂ ಇಲ್ಲ. ಅಪ್ಪ ಪೆನ್ನಿನಿಂದ ಒಂದು ಗೀಟು ಹಾಕಬೇಕು, ನಾನು ಸ್ಕೇಲಿಟ್ಟು ಅಳೆಯಬೇಕು. ನೀರು ತೆಗೆಯುವ ಮುಂಚಿನ ಉಸಿರನ್ನು ನೆನೆದು ಹಾಕಿದ್ದು 78. ಮರುದಿನ 41. ಎಕ್ಸ್‌ರೇಯಲ್ಲಿ ತಳಭಾಗ ಇನ್ನೂ ಬೆಳ್ಳಗೇ ಇತ್ತು, ಆದರೂ ಗೆರೆ ಅರ್ಧಕ್ಕಿಳಿದಿತ್ತು. ಡಾಕ್ಟರನ್ನು ಕೇಳಿದೆ. ನೀರಿನ ಭಾರಕ್ಕೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು, ಕೆಳಕ್ಕೆ ಜಗ್ಗಿರುತ್ತೆ, ಭಾರ ಇಳಿದರೆ ಅದು ಮತ್ತೆ ಮೇಲೆದ್ದು ಕೆಲಸ ಮಾಡುತ್ತೆ, ಶ್ವಾಸಕೋಶ ಪೂರ್ತಿ ಅರಳದಿದ್ದರೂ ಉಸಿರು ಹಗುರಾಗಬಹುದು ಎಂದರು.

ಆದರೆ ಗೆರೆಗೂ ಬುದ್ಧಿ ಹೇಳಬೇಕು. ಒಂದು ದಿನ ಬೆಳಿಗ್ಗೆ 30, ಸಂಜೆ 64. ನನ್ನ ಎದೆ ಧಸಕ್ಕೆಂದಿತು. ವಿಷಯ ಇಷ್ಟೇ: ಬೆಳಿಗ್ಗೆ ದಿಂಬಿಗೊರಗಿ ಹಾಕಿದ್ದರು, ಸಂಜೆ ಬಾತ್‌ರೂಮಿಗೆ ಹೋಗಿ ಬಂದು ಹಾಕಿದ್ದರು. ಆಮೇಲಿಂದ ದಿನಾ ಬೆಳಿಗ್ಗೆ, ಬಾತ್‌ರೂಮಿನಿಂದ ಬಂದ ತಕ್ಷಣ. ಇನ್ನೊಂದು ಎಡವಟ್ಟು ನನ್ನದೇ. ಜೆರಾಕ್ಸ್ ಮಾಡಿಸಿದ ಹಾಳೆಯಲ್ಲಿ ಗೆರೆ 94 ಮಿಲಿಮೀಟರಿಗೆ ಕುಗ್ಗಿತ್ತು. ಐದು ದಿನದ ಲೆಕ್ಕ ತಿದ್ದಬೇಕಾಯಿತು. ನಿನ್ನೆಯ ಹಾಳೆಯನ್ನೂ ತೋರಿಸಬಾರದು, ತೋರಿಸಿದರೆ ಅಪ್ಪ ಸುಮ್ನೆ ಅಲ್ಲೇ ಪಕ್ಕದಲ್ಲಿ ಗೀಟು ಎಳೀತಾರೆ.

2012ರಲ್ಲಿ ಪ್ರಕಟವಾದ ಟೈಮ್-2 ಅಧ್ಯಯನದಲ್ಲೂ ಹೀಗೇ ನೀರು ತುಂಬಿದ್ದ ಕ್ಯಾನ್ಸರ್ ರೋಗಿಗಳು 42 ದಿನ ಇದೇ ಗೆರೆಯ ಮೇಲೆ ದಿನಾ ಗುರುತು ಹಾಕಿದ್ದರು. ರೋಗಿಗೆ ನಿಜಕ್ಕೂ ಫರಕು ಅನ್ನಿಸಬೇಕಾದರೆ ಸುಮಾರು 19 ಮಿಲಿಮೀಟರ್ ಬದಲಾಗಬೇಕು ಎಂದು ಆಮೇಲೆ ಲೆಕ್ಕ ಹಾಕಿದ್ದಾರೆ. ಇದು ಗೊತ್ತಾದ ಮೇಲೆ ಐದಾರು ಮಿಲಿಮೀಟರಿಗೆಲ್ಲ ಗಾಬರಿಯಾಗೋದು ಬಿಟ್ಟೆ. ಮೂರನೇ ವಾರ 24, 33, 47 ಎಂದು ಏರಿದಾಗ ಮಾತ್ರ ತಡ ಮಾಡದೆ ಫೋನ್ ಮಾಡಿದೆ. ನೀರು ಮತ್ತೆ ತುಂಬಿತ್ತು.

ಈ ಸಲ ನೀರು ತೆಗೆದು, ಮತ್ತೆ ತುಂಬದಂತೆ ಟಾಲ್ಕ್ ಪುಡಿ ಬಿಟ್ಟು ಶ್ವಾಸಕೋಶದ ಸುತ್ತಲಿನ ಎರಡು ಪದರ ಅಂಟಿಸಿದರು. ಎರಡು ದಿನ ಜ್ವರ, ಎದೆನೋವು. ಉಸಿರಿನ ಗೆರೆ ಇಳಿಯುತ್ತಲೇ ಇತ್ತು, ಅಪ್ಪ ಮಾತ್ರ ಮುದುಡಿ ಮಲಗಿದ್ದರು. ಗೆರೆ ಕೇಳೋದು ಉಸಿರನ್ನಷ್ಟೇ ಅಲ್ವಾ? ಆಗ ನೋವಿಗೊಂದು ಬೇರೆ ಗೆರೆ ಹಾಕಿದೆ.

ಕೊನೆಯದು ಇಕ್ಯೂ-5ಡಿ, ಒಟ್ಟಾರೆ ಆರೋಗ್ಯ ಹೇಗಿದೆ ಎಂದು ಕೇಳುವ ಹಾಳೆ. ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಚಿಂತೆ ಎಂದು ಐದು ಪ್ರಶ್ನೆ, ಜೊತೆಗೆ 0ರಿಂದ 100ರ ಒಂದು ಪಟ್ಟಿ. ತಮಾಷೆ ಅಂದರೆ ಇದರಲ್ಲಿ ಉಸಿರಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಇದೊಂದನ್ನೇ ನಂಬಿದರೆ ನೀರು ತುಂಬಿದ್ದು ತಡವಾಗಿ ಗೊತ್ತಾದೀತು. ವಾರಕ್ಕೊಮ್ಮೆ ತುಂಬಿಸುತ್ತಿದ್ದೆ, ಸ್ವಲ್ಪ ಕಾಟಾಚಾರಕ್ಕೇ. ಆರನೇ ವಾರ ಅಪ್ಪ ಚಿಂತೆಯ ಸಾಲಿನಲ್ಲಿ 'ತುಂಬಾ' ಎಂದು ಟಿಕ್ ಹಾಕಿದರು. ಯಾಕಪ್ಪಾ ಎಂದು ಕೇಳಿದೆ.

"ರಾತ್ರಿ ಎಚ್ಚರವಾದಾಗಲೆಲ್ಲ ಮತ್ತೆ ತುಂಬ್ತಿದೆಯಾ ಅಂತ ಉಸಿರು ಎಳೆದು ನೋಡ್ಕೋತೀನಿ" ಅಂದರು.

ಅವತ್ತು ಬೆಳಿಗ್ಗೆ ಗೆರೆ 12ರಲ್ಲಿತ್ತು.