ಕೈಯಲ್ಲಿ ಜೋಡಿ ಎಂಟು, ಎದುರಿಗೆ ಐದು ಜನ

ಲಿಮಿಟ್ ಹೋಲ್ಡೆಮ್ (ಬೆಟ್‌ನ ಅಳತೆ ಮೊದಲೇ ಕಟ್ಟಿಹಾಕಿದ ಪೋಕರ್; ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು) ಆಡುವವರು, ಅದರಲ್ಲೂ ಯಾರೂ ಎಲೆ ಎಸೆಯದ ಸಡಿಲ ಟೇಬಲ್‌ಗಳಲ್ಲಿ ಕೂರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಒಂದು ವರ್ಷದ ಆಟಕ್ಕೆಂದು ಎತ್ತಿಟ್ಟಿದ್ದ ಹಣ ನನ್ನ ಕೈಯಿಂದ ನಾಲ್ಕೇ ತಿಂಗಳಲ್ಲಿ ಕರಗಿಹೋಯಿತು. ಕರಗಿಸಿದ್ದು ಕೆಟ್ಟ ಎಲೆಗಳಲ್ಲ. ಏಳು, ಎಂಟು, ಒಂಬತ್ತರ ಜೋಡಿಗಳು. ಕೆಟ್ಟ ಎಲೆ ಬಂದರೆ ನಾನು ಎಸೆಯುತ್ತಿದ್ದೆ. ಈ ಜೋಡಿಗಳನ್ನು ಎಸೆಯಲು ಮಾತ್ರ ಮನಸ್ಸೇ ಬರುತ್ತಿರಲಿಲ್ಲ.

ಒಂದು ಆಟವನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. ಬಿಗ್ ಬ್ಲೈಂಡ್‌ನ (ಎಲೆ ನೋಡುವ ಮುಂಚೆಯೇ ಒಂದು ಬೆಟ್ ಕಟ್ಟಬೇಕಾದವನ) ಪಕ್ಕದಲ್ಲೇ ಕೂತಿದ್ದೆ, ಹಾಗಾಗಿ ಮೊದಲು ಮಾತಾಡಬೇಕಾದವನು ನಾನು. ಬಂದದ್ದು ಆಟೀನ್ ಎಂಟು, ಕ್ಲಾವರ್ ಎಂಟು. ರೇಸ್ ಮಾಡಿದೆ, ಅಂದರೆ ಇದ್ದ ಬೆಟ್‌ಗೆ ಇನ್ನೊಂದು ಸೇರಿಸಿದೆ. ಎರಡು ಬೆಟ್ ಕಟ್ಟಬೇಕೆಂದರೆ ಹೆಚ್ಚಿನವರು ಹಿಂದೆ ಸರಿಯುತ್ತಾರೆ, ಒಬ್ಬರೋ ಇಬ್ಬರೋ ಉಳಿಯುತ್ತಾರೆ ಎಂಬ ನಂಬಿಕೆ. ನನ್ನ ನಂತರದವರಲ್ಲಿ ನಾಲ್ವರು ಕಾಲ್ ಮಾಡಿದರು (ಅಷ್ಟೇ ಹಣ ಕಟ್ಟಿ ಉಳಿದರು), ಬಿಗ್ ಬ್ಲೈಂಡ್‌ನವನೂ ಸೇರಿಕೊಂಡ. ಸ್ಮಾಲ್ ಬ್ಲೈಂಡ್‌ನವನು (ಎಲೆ ನೋಡುವ ಮುಂಚೆ ಅರ್ಧ ಬೆಟ್ ಕಟ್ಟುವವನು) ಬಿಟ್ಟುಹೋದ ಅರ್ಧ ಬೆಟ್ ಸೇರಿ ಪಾಟ್‌ನಲ್ಲಿ (ಗೆದ್ದವನು ಎಳೆದುಕೊಳ್ಳುವ ನಡುವಿನ ಹಣದಲ್ಲಿ) 12.5 ಸ್ಮಾಲ್ ಬೆಟ್. ಸ್ಮಾಲ್ ಬೆಟ್ ಅಂದರೆ ಮೊದಲ ಎರಡು ಸುತ್ತಿನ ಬೆಟ್, ಕೊನೆಯ ಎರಡು ಸುತ್ತಿನದು ಅದರ ಎರಡು ಪಟ್ಟು. ನಾನೊಬ್ಬ, ಎದುರಿಗೆ ಐದು ಜನ.

ಫ್ಲಾಪ್, ಅಂದರೆ ಮೇಜಿನ ಮೊದಲ ಮೂರು ಎಲೆ, ತೆರೆಯಿತು: ಇಸ್ಪೇಟ್ ಕಿಂಗ್, ಡೈಮಂಡ್ ಕ್ವೀನ್, ಇಸ್ಪೇಟ್ ಐದು. ಬಿಗ್ ಬ್ಲೈಂಡ್ ಚೆಕ್ (ಹಣ ಕಟ್ಟದೆ ಸರದಿ ದಾಟಿಸಿದ). ನಾನು ಬೆಟ್ ಮಾಡಿದೆ. ಆ ಕ್ಷಣ ತಲೆಯಲ್ಲಿ ಓಡಿದ ಮಾತು ಇವತ್ತಿಗೂ ಅಕ್ಷರಶಃ ನೆನಪಿದೆ: ‘ಇವರೆಲ್ಲ ಏನು ಬಂದರೂ ಆಡುವವರು, ಇವರ ಹತ್ತಿರ ಏನು ಬೇಕಾದರೂ ಇರಬಹುದು, ನನ್ನ ಜೋಡಿಯೇ ಮುಂದಿರಬಹುದು.’ ಪಕ್ಕದವನು ಕಾಲ್, ಅವನ ಪಕ್ಕದವನೂ ಕಾಲ್, ಮೂರನೆಯವನು ರೇಸ್. ಉಳಿದಿಬ್ಬರು ಎಸೆದರು. ನಾನು ಕಾಲ್ ಮಾಡಿದೆ, ಮೊದಲಿನ ಇಬ್ಬರೂ ಕಾಲ್ ಮಾಡಿದರು. ಟರ್ನ್‌ನಲ್ಲಿ, ಅಂದರೆ ನಾಲ್ಕನೆಯ ಎಲೆಯಾಗಿ, ಆಟೀನ್ ಮೂರು. ನಾವು ಮೂವರೂ ಚೆಕ್ ಮಾಡಿದೆವು, ರೇಸ್ ಮಾಡಿದ್ದವನು ಬೆಟ್ ಮಾಡಿದ. ನಾನು ಕಾಲ್, ಪಕ್ಕದವನೂ ಕಾಲ್, ಇನ್ನೊಬ್ಬ ಎಸೆದ. ರಿವರ್‌ನಲ್ಲಿ, ಅಂದರೆ ಕೊನೆಯ ಎಲೆಯಾಗಿ, ಡೈಮಂಡ್ ಹತ್ತು. ಮತ್ತೆ ಬೆಟ್, ಮತ್ತೆ ನನ್ನ ಕಾಲ್, ಮತ್ತೆ ಪಕ್ಕದವನ ಕಾಲ್. ಬೆಟ್ ಮಾಡಿದವನು ತೋರಿಸಿದ್ದು ಕಿಂಗ್ ಮತ್ತು ಏಳು. ಪಕ್ಕದವನದು ಕ್ವೀನ್ ಮತ್ತು ಒಂಬತ್ತು. ಉಳಿದ ಮೂವರಲ್ಲಿ ನನ್ನದೇ ಕೊನೆಯ ಸ್ಥಾನ. ಎಂಟು ಸ್ಮಾಲ್ ಬೆಟ್‌ನಷ್ಟು ಹಣ ಒಂದೇ ಆಟದಲ್ಲಿ ಹೋಯಿತು.

ಅವರು ಸಡಿಲವಾಗಿಯೇ ಆಡಿದ್ದರು, ನಾನು ಅಂದುಕೊಂಡದ್ದು ನಿಜವೇ ಆಗಿತ್ತು. ಕಿಂಗ್-ಏಳು ಹಿಡಿದು ಎರಡು ಬೆಟ್ ಕಟ್ಟುವುದು ಒಳ್ಳೆಯ ಆಟವಲ್ಲ. ಆದರೂ ಹಣ ಹೋದದ್ದು ನನ್ನದು. ಇದು ಹೇಗೆ ಎಂದು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು. ಕೊನೆಗೆ ಒಂದು ಸಂಜೆ ಕಾಗದ ಹಿಡಿದು ಕೂತು ಲೆಕ್ಕ ಹಾಕಿದೆ.

ಕಿಂಗ್-ಕ್ವೀನ್-ಐದರ ಆ ಫ್ಲಾಪ್‌ನಲ್ಲಿ, ಕಣ್ಣಿಗೆ ಕಾಣದ 47 ಎಲೆಗಳಲ್ಲಿ ಕಿಂಗ್ ಮೂರು, ಕ್ವೀನ್ ಮೂರು. ಎದುರಿಗೆ ಒಬ್ಬನೇ ಇದ್ದು, ಅವನು ಕೈಗೆ ಬಂದ ಯಾವ ಎರಡು ಎಲೆಯನ್ನಾದರೂ ಆಡುವವನಾದರೆ, ಅವನ ಹತ್ತಿರ ಕಿಂಗ್ ಅಥವಾ ಕ್ವೀನ್ ಇರುವ ಸಾಧ್ಯತೆ ಶೇಕಡಾ 24. ಅಂದರೆ ನಾಲ್ಕರಲ್ಲಿ ಮೂರು ಸಲ ಇಲ್ಲ. ಅಂಥವನೇ ಐದು ಜನ ಕೂತರೆ, ಯಾರಾದರೊಬ್ಬರ ಹತ್ತಿರ ಇರುವ ಸಾಧ್ಯತೆ ಶೇಕಡಾ 78. ಇದು ಕಣ್ಣುಮುಚ್ಚಿ ಆಡುವವರ ಲೆಕ್ಕ. ನಿಜವಾದ ಸಡಿಲ ಆಟಗಾರ ಕಿಂಗ್, ಕ್ವೀನ್ ಇದ್ದರೆ ಇನ್ನೂ ಬಿಡುವುದಿಲ್ಲ, ಹಾಗಾಗಿ ಸಂಖ್ಯೆ ಅದಕ್ಕಿಂತಲೂ ಮೇಲೆಯೇ. ಫ್ಲಾಪ್‌ನಲ್ಲಿ ದೊಡ್ಡ ಎಲೆ ಒಂದೇ ಇದ್ದರೆ, ಜಾಕ್-ಆರು-ಎರಡು ಅನ್ನಿ, ಆಗಲೂ ಐದು ಜನರಲ್ಲಿ ಯಾರಾದರೊಬ್ಬರ ಹತ್ತಿರ ಜಾಕ್ ಇರುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ.

‘ಅವನ ಹತ್ತಿರ ಏನು ಬೇಕಾದರೂ ಇರಬಹುದು’ ಎಂಬ ಮಾತು ಒಬ್ಬೊಬ್ಬನ ಬಗ್ಗೆ ನಿಜ. ಐವರನ್ನೂ ಸೇರಿಸಿ ಹೇಳಿದರೆ ಸುಳ್ಳು. ಏನು ಬೇಕಾದರೂ ಹಿಡಿದಿರುವ ಐದು ಜನರಲ್ಲಿ ನನ್ನನ್ನು ಸೋಲಿಸುವ ಎಲೆಯನ್ನು ಒಬ್ಬನಾದರೂ ಹೆಚ್ಚಿನ ಸಲ ಹಿಡಿದೇ ಇರುತ್ತಾನೆ. ನಾಲ್ಕು ತಿಂಗಳು ನಾನು ಎಡವಿದ್ದು ಇದೊಂದೇ ಕಲ್ಲಿಗೆ.

ದೊಡ್ಡ ಎಲೆ ಬೀಳುವುದು ಅಪರೂಪವೂ ಅಲ್ಲ. ಜೋಡಿ ಎಂಟು ಹಿಡಿದಾಗ ಫ್ಲಾಪ್‌ನಲ್ಲಿ ಎಂಟಕ್ಕಿಂತ ದೊಡ್ಡದು ಕನಿಷ್ಠ ಒಂದು ಬೀಳುವ ಸಾಧ್ಯತೆ ಶೇಕಡಾ 87. ಜೋಡಿ ಏಳಕ್ಕೆ 92, ಜೋಡಿ ಒಂಬತ್ತಕ್ಕೆ 79, ಜೋಡಿ ಹತ್ತಕ್ಕೆ ಸುಮಾರು 70. ಹತ್ತರ ಮಟ್ಟಿಗೆ ವಾದ ಮಾಡಬಹುದು. ತುಂಬಾ ಜನ ಇದ್ದರೂ ಹತ್ತನ್ನು ರೇಸ್ ಮಾಡುವುದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಏಳು-ಎಂಟನ್ನು ಮೊದಲ ಕುರ್ಚಿಯಿಂದ ರೇಸ್ ಮಾಡಿ ಜನರನ್ನು ಚದುರಿಸುತ್ತೇನೆ ಎಂದುಕೊಳ್ಳುವುದು ಸಡಿಲ ಟೇಬಲ್‌ನಲ್ಲಿ ಶುದ್ಧ ಭ್ರಮೆ. ನೋ-ಲಿಮಿಟ್‌ನಲ್ಲಿ ಹೆದರಿಸುವಷ್ಟು ದೊಡ್ಡ ಮೊತ್ತ ಇಡಬಹುದು. ಲಿಮಿಟ್‌ನಲ್ಲಿ ಬೆಟ್‌ನ ಅಳತೆ ಕಟ್ಟಿಹಾಕಿದ್ದು, ಒಂದಕ್ಕೆ ಇನ್ನೊಂದು ಸೇರಿಸಬಹುದು, ಅಷ್ಟೇ. ಕಾಲ್ ಮಾಡಲೆಂದೇ ಬಂದು ಕೂತವನಿಗೆ ಆ ಇನ್ನೊಂದು ಬೆಟ್ ಯಾವ ಭಾರವೂ ಅಲ್ಲ.

ಹತ್ತು ಜನಕ್ಕೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಅನ್ನುತ್ತಾರಲ್ಲ, ಈ ಟೇಬಲ್‌ಗಳಲ್ಲಿ ನಡೆಯುವುದು ಅದೇ. ಆರು ಜನ ಬರೀ ಕಾಲ್ ಮಾಡಿ ಬಂದ ಪಾಟ್‌ನಲ್ಲಿ ಆರು ಸ್ಮಾಲ್ ಬೆಟ್ ಇದೆ ಅನ್ನಿ. ಫ್ಲಾಪ್ ಏಳು-ಐದು-ಎರಡು, ನನ್ನದು ಜೋಡಿ ಒಂಬತ್ತು, ಎಲ್ಲರಿಗಿಂತ ಮುಂದಿದ್ದೇನೆ. ಬೆಟ್ ಮಾಡುತ್ತೇನೆ. ಕ್ವೀನ್-ಜಾಕ್ ಹಿಡಿದವನಿಗೆ ಒಂದಕ್ಕೆ ಏಳು ಸಿಗುತ್ತಿದೆ, ಅಂದರೆ ಒಂದು ಕಟ್ಟಿದರೆ ಏಳು ಗೆಲ್ಲುವ ದರ. ಅವನಿಗೆ ಜೋಡಿ ಮಾಡಿಕೊಡುವ ಎಲೆ ಆರು, ಟರ್ನ್‌ನಲ್ಲಿ ಅದು ಬರದಿರುವ ಲೆಕ್ಕ ಒಂದಕ್ಕೆ 6.8 (ಒಂದು ಸಲ ಬಂದರೆ 6.8 ಸಲ ಬರುವುದಿಲ್ಲ). ಅವನ ಕಾಲ್ ತಪ್ಪೇ ಅಲ್ಲ! ಅವನ ಹಿಂದಿನವನಿಗೆ ಇನ್ನೂ ಒಳ್ಳೆಯ ದರ. ಒಬ್ಬೊಬ್ಬರೂ ಪುಡಿಗಾಸು ಕಟ್ಟಿ ಪಾಟನ್ನು ಹಿಗ್ಗಿಸುತ್ತಾ ಮುಂದಿನವನ ಕಾಲನ್ನು ಸರಿ ಮಾಡಿಕೊಡುತ್ತಾರೆ. ಅವರೇನೂ ಮಾತಾಡಿಕೊಂಡು ಮಾಡುವುದಲ್ಲ, ಆದರೆ ಪರಿಣಾಮ ಹಾಗೆಯೇ.

ಇದಕ್ಕೆ ಇರುವ ಉಪಾಯ ಒಂದೇ, ಅವರ ಮೇಲೆ ಒಟ್ಟಿಗೆ ಎರಡು ಬೆಟ್‌ನ ಹೊರೆ ಹೊರಿಸುವುದು. ನನ್ನ ಬಲಗಡೆಯವನು ಬೆಟ್ ಮಾಡಿದರೆ ತಕ್ಷಣ ರೇಸ್ ಮಾಡುತ್ತೇನೆ. ಹಿಂದಿನವನು ಈಗ ಒಂಬತ್ತು ಬೆಟ್‌ನ ಪಾಟ್‌ಗೆ ಎರಡು ಕಟ್ಟಬೇಕು, ದರ ಒಂದಕ್ಕೆ ನಾಲ್ಕೂವರೆಗೆ ಇಳಿಯುತ್ತದೆ. ಬೆಟ್ ಮಾಡುವ ಚಟದವನು ಬಟನ್ (ಕೊನೆಗೆ ಆಡುವ ಜಾಗ) ಹತ್ತಿರ ಕೂತಿದ್ದರೆ ನಾನು ಮೊದಲು ಚೆಕ್ ಮಾಡಿ, ಅವನು ಬೆಟ್ ಮಾಡಿದ ಮೇಲೆ ರೇಸ್ ಮಾಡುತ್ತೇನೆ, ನಡುವಿನವರು ಸಿಕ್ಕಿಕೊಳ್ಳುತ್ತಾರೆ. ಇದನ್ನೆಲ್ಲ ನಾನು ಮಾಡುತ್ತಿರಲಿಲ್ಲ. ಎಲ್ಲ ಫ್ಲಾಪ್‌ಗೂ ಒಂದೇ ರೀತಿ ಬೆಟ್ ಮಾಡಿ, ಎಲ್ಲ ರೇಸ್‌ಗೂ ಒಂದೇ ರೀತಿ ಕಾಲ್ ಮಾಡುತ್ತಿದ್ದೆ.

ಮತ್ತೆ ಆ ಎಂಟರ ಆಟಕ್ಕೆ ಬರುತ್ತೇನೆ, ಯಾಕೆಂದರೆ ಅದರೊಳಗಿನ ಪ್ರತಿಯೊಂದು ಕಾಲೂ ಒಂದೇ ತೂಕದ ತಪ್ಪಲ್ಲ. ಫ್ಲಾಪ್‌ನ ಬೆಟ್ ತಪ್ಪು. ರೇಸ್ ಆದ ಮೇಲಿನ ಕಾಲ್‌ಗೆ ಸಮರ್ಥನೆ ಇದೆ: ಪಾಟ್‌ನಲ್ಲಿ 17.5 ಇತ್ತು, ಕಟ್ಟಬೇಕಿದ್ದದ್ದು ಒಂದು. ಎಂಟು ಬರದಿರುವ ಲೆಕ್ಕ ಒಂದಕ್ಕೆ 22.5 ಆದರೂ, ಬಂದರೆ ಮುಂದಿನ ದೊಡ್ಡ ಬೆಟ್‌ಗಳು ಕೊರತೆ ತುಂಬುತ್ತವೆ. ಆದರೆ ಉಳಿದಿದ್ದ ಎರಡು ಎಂಟುಗಳಲ್ಲಿ ಒಂದು ಇಸ್ಪೇಟ್. ಅದು ಬಂದರೆ ಮೂರನೆಯ ಇಸ್ಪೇಟ್ ಬಿದ್ದಂತೆ, ಯಾರದೋ ಫ್ಲಶ್‌ಗೆ (ಒಂದೇ ಗುರುತಿನ ಐದು ಎಲೆಗೆ) ನಾನೇ ದಾರಿ ತೋರಿಸಿದಂತೆ. ಇದನ್ನು ಆಗ ಗಮನಿಸಿಯೇ ಇರಲಿಲ್ಲ. ಟರ್ನ್‌ನ ಕಾಲ್‌ಗೆ ಯಾವ ಸಮರ್ಥನೆಯೂ ಇಲ್ಲ. ಅಲ್ಲಿ ಬೆಟ್ ಎರಡು ಪಟ್ಟಾಗುತ್ತದೆ, ನನಗೆ ಸಿಗುತ್ತಿದ್ದ ದರ ಒಂದಕ್ಕೆ 11 ಚಿಲ್ಲರೆ, ಬೇಕಿದ್ದದ್ದು 22. ಅರ್ಧ ಬೆಲೆಗೆ ಮಾರಿಕೊಂಡೆ. ರಿವರ್‌ನಲ್ಲಿ ‘ಹದಿನೈದರಲ್ಲಿ ಒಂದು ಸಲ ಗೆದ್ದರೂ ಸಾಕು, ಪಾಟ್ ದೊಡ್ಡದು’ ಅಂದುಕೊಂಡೆ. ಒಬ್ಬನೇ ಎದುರಾಳಿ, ಅವನಿಗೆ ಸುಳ್ಳು ಬೆಟ್ ಮಾಡುವ ಅಭ್ಯಾಸ ಇದ್ದಿದ್ದರೆ ಆ ಮಾತು ಸರಿ. ಫ್ಲಾಪ್‌ನಲ್ಲಿ ಮೂವರ ಮುಖಕ್ಕೆ ರೇಸ್ ಮಾಡಿ, ಟರ್ನ್‌ನಲ್ಲೂ ರಿವರ್‌ನಲ್ಲೂ ಬಿಡದೆ ಬೆಟ್ ಮಾಡಿದವನ ಎದುರು, ಹಿಂದೆ ಇನ್ನೊಬ್ಬ ಕಾಯುತ್ತಿರುವಾಗ, ಜೋಡಿ ಎಂಟಕ್ಕೆ ಹದಿನೈದರಲ್ಲಿ ಒಂದೂ ಇಲ್ಲ.

ಸೆಟ್, ಅಂದರೆ ಕೈಯ ಜೋಡಿಗೆ ಮೇಜಿನಿಂದ ಮೂರನೆಯದು, ಬಂದಾಗಲೂ ನಾನು ಕಳೆದುಕೊಂಡಿದ್ದೇನೆ, ಅದು ಇನ್ನೂ ಹೊಟ್ಟೆ ಉರಿಸುವ ವಿಷಯ. ಜೋಡಿ ಹಿಡಿದಾಗ ಫ್ಲಾಪ್‌ನಲ್ಲಿ ಸೆಟ್ ಅಥವಾ ಅದಕ್ಕಿಂತ ದೊಡ್ಡದು ಆಗುವುದು ಶೇಕಡಾ 11.8, ಅಂದರೆ ಬರದಿರುವ ಲೆಕ್ಕ ಒಂದಕ್ಕೆ 7.5. ಐದು ಜನ ಜೊತೆಗೆ ಬಂದರೆ ಫ್ಲಾಪ್‌ಗೆ ಮುಂಚೆ ನನಗೆ ಸಿಗುವುದು ಒಂದಕ್ಕೆ ಐದು. ಉಳಿದದ್ದನ್ನು ಸೆಟ್ ಬಂದ ದಿನ ವಸೂಲಿ ಮಾಡಲೇಬೇಕು. ಒಮ್ಮೆ ಒಂಬತ್ತು-ಆರು-ಎರಡರ ಫ್ಲಾಪ್‌ನಲ್ಲಿ ಮೂರು ಒಂಬತ್ತು ಹಿಡಿದು, ಬಲೆ ಹಾಕುತ್ತೇನೆಂದು ಚೆಕ್ ಮಾಡಿದೆ. ಎಲ್ಲರೂ ಚೆಕ್ ಮಾಡಿದರು. ಟರ್ನ್‌ನಲ್ಲಿ ಏಳು ಬಿತ್ತು, ಹತ್ತು-ಎಂಟು ಹಿಡಿದವನಿಗೆ ಸ್ಟ್ರೇಟ್ (ಸಾಲಾಗಿ ಐದು ಎಲೆ) ಆಯಿತು. ನಾನು ಬೆಟ್ ಮಾಡಿದ್ದರೂ ಅವನು ಬಿಡುತ್ತಿರಲಿಲ್ಲ, ಅದು ಗೊತ್ತು. ಆದರೆ ಉಳಿದ ನಾಲ್ವರೂ ಕೊಡಲು ಸಿದ್ಧರಿದ್ದ ಹಣವನ್ನು ನಾನು ತೆಗೆದುಕೊಳ್ಳಲೇ ಇಲ್ಲ. ಕಾಲ್ ಮಾಡುವುದೇ ಇಷ್ಟವಿರುವವರ ಎದುರು ಬಲೆ ಯಾಕೆ? ಸೆಟ್ ಬಂದರೆ ಬೆಟ್ ಮಾಡಿ, ರೇಸ್ ಮಾಡಿ. ಟರ್ನ್‌ನಲ್ಲಿ ಹಿಂದೆ ಬಿದ್ದರೂ ರಿವರ್‌ನಲ್ಲಿ ಬೋರ್ಡ್ (ಮೇಜಿನ ಎಲೆಗಳು) ಜೋಡಿಯಾಗಿ ಫುಲ್ ಹೌಸ್ (ಒಂದೇ ಅಂಕಿಯ ಮೂರರ ಜೊತೆ ಒಂದು ಜೋಡಿ) ಆಗಲು, ನಾಲ್ಕನೆಯದು ಬರಲು, 46ರಲ್ಲಿ ಹತ್ತು ಎಲೆ ಇನ್ನೂ ಇರುತ್ತವೆ.

ಇಷ್ಟೆಲ್ಲ ಪೆಟ್ಟು ತಿಂದ ಮೇಲೆ ನಾನು ಇನ್ನೊಂದು ಅತಿಗೆ ಹೋದೆ. ದೊಡ್ಡ ಎಲೆ ಕಂಡರೆ ಸಾಕು, ಎಸೆಯುವುದು. ಒಬ್ಬನೇ ಎದುರಿಗಿದ್ದರೂ ಎಸೆಯುವುದು. ಅದೂ ನಷ್ಟವೇ. ಯಾವ ಎಲೆ ಬಂದರೂ ಆಡುವ ಒಬ್ಬನೇ ಒಬ್ಬನ ಎದುರು ಜೋಡಿ ಎಂಟು ನೂರಕ್ಕೆ ಸುಮಾರು 69 ಸಲ ಗೆಲ್ಲುತ್ತದೆ. ಸಿಕ್ಕಸಿಕ್ಕದ್ದಕ್ಕೆಲ್ಲ ರೇಸ್ ಮಾಡುವವನು ನಿಮ್ಮ ಬಲಗಡೆ ಕೂತಿದ್ದರೆ, ಜೋಡಿ ಎಂಟು ಬಂದಾಗ ಮೂರನೆಯ ಬೆಟ್ ಕಟ್ಟಿ ಅವನನ್ನು ಒಂಟಿಯಾಗಿಸಿ. ಒಂಟಿಯಾದ ಮೇಲೆ ಒಂದು ಕ್ವೀನ್ ಬಿತ್ತೆಂದು ಓಡಿಹೋಗಬೇಡಿ.

ಈಗ ನಾನು ಎಲೆ ನೋಡುವ ಮೊದಲು ಜನ ಎಣಿಸುತ್ತೇನೆ. ಒಬ್ಬನೋ, ಐವರೋ? ಐವರು ಬರುವ ಟೇಬಲ್ ಆದರೆ ಎಂಟನ್ನು ಕಡಿಮೆ ಖರ್ಚಿನಲ್ಲಿ ಆಡಿ, ಫ್ಲಾಪ್‌ನಲ್ಲಿ ಮೂರನೆಯ ಎಂಟು ಬರದೆ ದೊಡ್ಡ ಎಲೆ ಬಿದ್ದು ಮುಂದೆ ಬೆಟ್ ಆದರೆ ಬಿಡುತ್ತೇನೆ. ಇಬ್ಬರು ಮಾತ್ರ ಇದ್ದು, ಬಿಗಿಯಾಗಿ ಆಡುವವನೊಬ್ಬ ರೇಸ್ ಮಾಡಿ ಇನ್ನೊಬ್ಬ ಅದರ ಮೇಲೆ ರೇಸ್ ಮಾಡಿದ್ದರೆ ಏಳು-ಎಂಟನ್ನು ಆಡುವುದೇ ಇಲ್ಲ. ಸೆಟ್‌ಗೆ ಬೇಕಾದ ದರವೂ ಇಲ್ಲ, ಒಂಟಿ ಕಾದಾಟದ ಬಲವೂ ಇಲ್ಲ.

ಮೊನ್ನೆ ಹಾಗೆಯೇ ಆಯಿತು. ಅದೇ ಮೊದಲ ಕುರ್ಚಿ, ಜೋಡಿ ಎಂಟು, ಬರೀ ಕಾಲ್ ಮಾಡಿ ಒಳಗೆ ಹೋದೆ, ಆರು ಜನ. ಫ್ಲಾಪ್ ಏಸ್-ಜಾಕ್-ನಾಲ್ಕು. ನಾನು ಚೆಕ್ ಮಾಡಿದೆ, ಪಕ್ಕದಿಂದ ಬೆಟ್, ಅದರಾಚೆ ರೇಸ್. ಎಸೆದೆ. ಟರ್ನ್‌ನಲ್ಲಿ ಬಂದದ್ದು ಎಂಟು. 47ರಲ್ಲಿ ಎರಡೇ ಇದ್ದ ಆ ಎಲೆ, ನಾನು ಬಿಟ್ಟ ಮರುಕ್ಷಣ, ಕಣ್ಣೆದುರಿಗೆ. ಪಾಟ್ ಬೆಳೆಯುತ್ತಾ ಹೋಯಿತು, ಕೊನೆಗೆ ಬರೀ ಎರಡು ಜೋಡಿ ಅದನ್ನು ಎಳೆದುಕೊಂಡಿತು. ಮೊದಲಾಗಿದ್ದರೆ ಅದರ ನಂತರದ ಒಂದು ಗಂಟೆ ಕೈಗೆ ಬಂದ ಪ್ರತಿ ಜೋಡಿಯನ್ನೂ ರಿವರ್‌ವರೆಗೆ ಎಳೆದಾಡುತ್ತಿದ್ದೆ, ಅದು ನನಗೆ ಚೆನ್ನಾಗಿ ಗೊತ್ತು. ಎದೆ ಹೊಡೆದುಕೊಳ್ಳುತ್ತಿತ್ತು. ಬ್ಲೈಂಡ್ ನನ್ನ ಹತ್ತಿರ ಬರುವ ಮುಂಚೆ ಚಿಪ್ಸ್ ಎಣಿಸಿಕೊಂಡು ಎದ್ದುಬಿಟ್ಟೆ.