ನೋಟ್‌ಬುಕ್ಕಾ, ಫೋನಾ? ಮೂರು ಪ್ರವಾಸ, ಮೂರು ಥರದ ನೆನಪು

ಮೂರು ಪ್ರವಾಸಗಳನ್ನು ಮೂರು ಥರ ಕೂಡಿಟ್ಟು ನೋಡಿದೆ. ಮೊದಲನೆಯದರಲ್ಲಿ ಬರೀ ಫೋಟೊ. ಎರಡನೆಯದರಲ್ಲಿ ಫೋನಿನಲ್ಲೇ ಟೈಪ್ ಮಾಡಿದ ದಿನಚರಿ. ಮೂರನೆಯದರಲ್ಲಿ ಚಿತ್ರ, ಕೈಬರಹ ಎರಡೂ ಇರುವ ನೋಟ್‌ಬುಕ್.

ಫೋಟೊ ಸುಲಭ, ಎರಡು ಮಾತಿಲ್ಲ. ಒಂದೇ ದಿನ ಇನ್ನೂರಕ್ಕೂ ಜಾಸ್ತಿ ತೆಗೆದಿದ್ದೆ. ಒಂದು ಕಿಟಕಿಯ ಕೆತ್ತನೆಯಲ್ಲಿ ಎಲೆಯ ನರವೂ ಕಾಣುತ್ತದೆ. ಆದರೆ ಅದು ಯಾವ ಬೀದಿಯ ಕಿಟಕಿ ಅಂತ ಈಗ ಹೊಳೆಯುವುದೇ ಇಲ್ಲ. ಮನಃಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಅವರ 2014ರ ಅಧ್ಯಯನದಲ್ಲೂ ಹೀಗೇ ಆಗಿತ್ತು. ಮ್ಯೂಸಿಯಂನಲ್ಲಿ ಫೋಟೊ ತೆಗೆದ ವಸ್ತುಗಳು, ಸುಮ್ನೆ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿನಲ್ಲಿ ಉಳಿದವು. ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ಮಾತ್ರ ಆ ನಷ್ಟ ಇರಲಿಲ್ಲ.

ಟೈಪ್ ಮಾಡಿದ್ದು ಹುಡುಕಲು ಸಲೀಸು. ಓದಿದರೆ ವರದಿಯ ಹಾಗಿದೆ.

ನೋಟ್‌ಬುಕ್ಕಿನ ಒಂದು ಪುಟ ಹೇಳುತ್ತೇನೆ. ಬಂದರಿನ ದೋಣಿ. ಶುರುವಿನ ಗೆರೆ ಗಟ್ಟಿಯಾಗಿದೆ, ಗಾಳಿ ಎದ್ದ ಮೇಲೆ ನಡುಗಿದೆ. ಬಲಗಡೆ ಮಳೆಹನಿ ಬಿದ್ದು ನೀಲಿ ಶಾಯಿ ಹರಡಿದೆ. ಬಣ್ಣ ಹಚ್ಚಲು ಹೊತ್ತು ಸಾಲದೆ, ಪಕ್ಕದಲ್ಲಿ "ನೆರಳು ನೇರಳೆ, ನೀರು ಪಾಚಿ ಹಸಿರು" ಅಂತ ಗೀಚಿದ್ದೆ. ಈ ಪುಟ ತೆರೆದರೆ ಒದ್ದೆ ಹಗ್ಗದ ವಾಸನೆ ಬರುತ್ತದೆ. ಹಿಂದೆ ನಿಂತು ನೋಡುತ್ತಿದ್ದ ಹುಡುಗ "ಚುಕ್ಕಾಣಿ ಬಿಟ್ಟಿದ್ದೀರಿ" ಅಂದದ್ದೂ ಕೇಳುತ್ತದೆ. ಅರ್ಧ ಗಂಟೆ ಒಂದೇ ದೋಣಿಯನ್ನು ನೋಡಿದ್ದೆ, ಅಲ್ವಾ? ಉಳಿದದ್ದು ಅದರಿಂದಲೇ.

ಬಣ್ಣದ ಬದಲು ಮಾತು ಬರೆಯುವ ಈ ಉಪಾಯ ಹಳೆಯದು. ಫ್ರಾನ್ಸಿನ ಕಲಾವಿದ ದೆಲಕ್ರುವಾ 1832ರಲ್ಲಿ ಮೊರಾಕ್ಕೊಗೆ ಹೋದಾಗ ಸ್ಕೆಚ್‌ಗಳ ಪಕ್ಕದಲ್ಲೇ ಬಣ್ಣಗಳ ಹೆಸರು ಬರೆದುಕೊಂಡ. ಆ ಪ್ರವಾಸದ ನೆನಪಿನಿಂದ ದಶಕಗಳ ಕಾಲ ಚಿತ್ರ ಬರೆದ.

ನೋಟ್‌ಬುಕ್ಕಿನ ದೊಡ್ಡ ಭಯ ಅಂದರೆ ಇರುವುದು ಒಂದೇ ಪ್ರತಿ. ಜರ್ಮನಿಯ ಕಲಾವಿದ ಡ್ಯೂರರ್ 1520–21ರಲ್ಲಿ ನೆದರ್‌ಲ್ಯಾಂಡ್ಸ್ ಸುತ್ತಿ ಬರೆದ ದಿನಚರಿಯ ಮೂಲ ಕಳೆದೇ ಹೋಗಿದೆ. ಬೇರೆಯವರು ನಕಲು ಮಾಡಿದ್ದರಿಂದ ಮಾತುಗಳಾದರೂ ಸಿಕ್ಕಿವೆ, ಆದರೆ ಅವನ ಕೈಬರಹ ಇಲ್ಲ.

ಹಾಗಾಗಿ ನನ್ನ ಆಯ್ಕೆ ನೋಟ್‌ಬುಕ್. ಫೋನಿಗೆ ಒಂದೇ ಕೆಲಸ: ರಾತ್ರಿ ಮಲಗುವ ಮುಂಚೆ ಆ ದಿನದ ಪುಟಗಳ ಫೋಟೊ. ಶಾಯಿಯನ್ನೂ ಬದಲಾಯಿಸಿದ್ದೇನೆ. ನೀರಿನಲ್ಲಿ ಕರಗದ ಬಣ್ಣದ ಕಣಗಳಿರುವ ಪಿಗ್ಮೆಂಟ್ ಶಾಯಿ ಒಣಗಿದ ಮೇಲೆ ನೀರಿಗೆ ಹರಡುವುದಿಲ್ಲ, ಬೆಳಕಿಗೆ ಬೇಗ ಮಾಸುವುದಿಲ್ಲ. ಆದರೂ ಬಂದರಿನ ಪುಟದ ಆ ನೀಲಿ ಕಲೆ ನನಗೆ ತುಂಬ ಇಷ್ಟ.